ಬೆಳೆಯುವ ಮಕ್ಕಳ ಹಲ್ಲು ಮತ್ತು ಪಾಕೀಟಿನ ತಿಂಡಿ



ಭಂಕೂರ, ಶಹಾಬಾದ, ವಾಡಿ ಕಡೆಯ ಮನೆಗಳ ನೆಲಕ್ಕೆ ಹಾಸುವುದು ಶಹಾಬಾದ ಕಲ್ಲು. ನುಣುಪು ಮಾಡಿದ ಕಲ್ಲಿನ ಮೇಲೆ ನಿಂಬೆರಸ ಬಿದ್ದು ಹಾಗೆಯೇ ಉಳಿದರೆ, ಆ ಜಾಗದ ಹೊಳಪು ಹೋಗಿ ಮಸುಕಾದ ಕಲೆ ನಿಲ್ಲುವುದನ್ನು ನಮ್ಮ ತಾಯಂದಿರು ಬಲ್ಲರು. ಅದು ಸುಣ್ಣದ ಕಲ್ಲು, ಹುಳಿಗೆ ಕರಗುತ್ತದೆ. ನಮ್ಮ ಹಲ್ಲಿನ ಬಿಳಿಯ ಹೊರಕವಚವೂ ಸುಣ್ಣದಂಶ ಹೆಚ್ಚಾಗಿ ಸೇರಿ ಆದುದೇ. ಶರೀರದಲ್ಲೆಲ್ಲ ಅತಿ ಗಟ್ಟಿಯಾದ ವಸ್ತು ಅದು. ಆದರೂ ಹುಳಿಯ ಮುಂದೆ ಅದರ ಆಟ ನಡೆಯದು.

ಹಲ್ಲಿಗೆ ಹುಳು ಬಿದ್ದಿದೆ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಅಲ್ಲಿ ಹುಳು ಯಾವುದೂ ಇಲ್ಲ. ಕಣ್ಣಿಗೆ ಕಾಣದ ಕ್ರಿಮಿಗಳು ತೆಳುವಾದ ಲೋಳೆಯಂತೆ ಹಲ್ಲಿಗೆ ಅಂಟಿಕೊಂಡಿರುತ್ತವೆ. ನಾವು ಸಕ್ಕರೆ ತಿಂದ ಕೆಲವೇ ನಿಮಿಷಗಳಲ್ಲಿ ಅವು ಅದನ್ನು ಉಂಡು ಹುಳಿಯನ್ನು ಬಿಡುತ್ತವೆ. ಆ ಹುಳಿ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ಬಾಯಿಯ ಜೊಲ್ಲು ಹುಳಿಯನ್ನು ತೊಳೆದು, ಕಳೆದುಹೋದ ಸುಣ್ಣವನ್ನು ಮೆಲ್ಲಗೆ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯೋ, ಕೆಲವೊಮ್ಮೆ ಇನ್ನೂ ಹೆಚ್ಚೋ ಬೇಕು. ಅಷ್ಟರೊಳಗೆ ಮತ್ತೊಂದು ಪೆಪ್ಪರಮೆಂಟು ಬಾಯಿಗೆ ಬಿದ್ದರೆ ರಿಪೇರಿಗೆ ಅವಕಾಶವೆಲ್ಲಿ?

ಆದುದರಿಂದ ಎಷ್ಟು ಸಿಹಿ ತಿಂದೆವು ಎಂಬುದರ ಜೊತೆಗೆ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬ ಲೆಕ್ಕವೂ ಮುಖ್ಯ. ಸ್ವೀಡನ್ ದೇಶದ ವಿಪೆಹೋಮ್ ಆಸ್ಪತ್ರೆಯಲ್ಲಿ ನಡೆದು ೧೯೫೪ರಲ್ಲಿ ಪ್ರಕಟವಾದ ಪ್ರಯೋಗದಿಂದ ಇದು ಸ್ಪಷ್ಟವಾಯಿತು. ಊಟದ ಜೊತೆಗೆ ಸಕ್ಕರೆ ತಿಂದವರ ಹಲ್ಲು ಹೆಚ್ಚು ಕೆಡಲಿಲ್ಲ. ಊಟಗಳ ನಡುವೆ ಅಂಟುವ ಮಿಠಾಯಿ ತಿಂದವರ ಹಲ್ಲು ಬಹಳ ಕೆಟ್ಟಿತು. ರೋಗಿಗಳ ಮೇಲೆ ಅಂತಹ ಪ್ರಯೋಗ ಮಾಡುವುದನ್ನು ಇಂದು ಯಾರೂ ಒಪ್ಪರು. ಆದರೆ ಅದು ಕಲಿಸಿದ ಪಾಠವನ್ನು ಮರೆಯಕೂಡದು.

ಹದಿಹರೆಯದವರ ವಿಷಯದಲ್ಲಿ ಇದೇಕೆ ಮುಖ್ಯ? ಸುಮಾರು ೬ನೆಯ ವಯಸ್ಸಿಗೆ ಮೊದಲನೆಯ ಶಾಶ್ವತ ದವಡೆ ಹಲ್ಲು, ೧೨ನೆಯ ವಯಸ್ಸಿಗೆ ಎರಡನೆಯದು ಹುಟ್ಟುತ್ತವೆ. ಹೊಸ ಹಲ್ಲಿನ ಕವಚ ಪೂರ್ತಿ ಬಲಿಯಲು ಕೆಲವು ವರ್ಷಗಳೇ ಬೇಕು. ಕಿಸೆಯಲ್ಲಿ ಚಿಲ್ಲರೆ ಕಾಸು ಇಟ್ಟುಕೊಂಡು ಹುಡುಗ ಹುಡುಗಿಯರು ಅಂಗಡಿಗೆ ಹೋಗತೊಡಗುವುದೂ ಅದೇ ವಯಸ್ಸಿನಲ್ಲಿ. ಈ ಹಲ್ಲು ಹೋದರೆ ಮತ್ತೆ ಹುಟ್ಟುವುದಿಲ್ಲ. ಬೆಳೆ ಹೋದರೆ ಮುಂದಿನ ಹಂಗಾಮು ಇದೆ. ಹಲ್ಲಿಗೆ ಮುಂದಿನ ಹಂಗಾಮಿಲ್ಲ.

ಅಂಗಡಿಯ ತಿಂಡಿಯನ್ನೇ ನೋಡಿರಿ. ೩೦೦ ಮಿಲಿಲೀಟರಿನ ಒಂದು ಬಾಟಲಿ ಕೋಲಾದಲ್ಲಿ ಸುಮಾರು ೩೦ ಗ್ರಾಂ, ಅಂದರೆ ಏಳೆಂಟು ಚಹಾ ಚಮಚ ಸಕ್ಕರೆ ಇರುತ್ತದೆ. ದಿನವೊಂದಕ್ಕೆ ಇಂತಹ ಸಕ್ಕರೆ ೨೫ ಗ್ರಾಂ ಒಳಗೇ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದೆ. ಸಾಲದುದಕ್ಕೆ ಆ ಪಾನೀಯವೇ ಹುಳಿ. ಬಿಸ್ಕೀಟು ಹಲ್ಲಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಖಾರದ ಪಾಕೀಟಿನಲ್ಲಿ ಸಿಹಿ ಇಲ್ಲವಲ್ಲ ಎನ್ನಬೇಡಿರಿ. ಅದರ ಹಿಟ್ಟು ಹಲ್ಲಿನ ಕುಳಿಯಲ್ಲಿ ಕುಳಿತು, ಜೊಲ್ಲಿನಿಂದ ಸಕ್ಕರೆಯಾಗಿ ಕ್ರಿಮಿಗಳಿಗೆ ಆಹಾರವಾಗುತ್ತದೆ. ನ್ಯಾಯವಾಗಿ ಹೇಳುವುದಾದರೆ ಮನೆಯ ಬೆಲ್ಲವೂ, ದಿನಕ್ಕೆ ನಾಲ್ಕೈದು ಸಲ ಕುಡಿಯುವ ಸಕ್ಕರೆ ಚಹಾವೂ ಇದೇ ಕೆಲಸ ಮಾಡುತ್ತವೆ.

ಹುಳುಕು ತೊಗರಿಯ ಕಾಯಿಕೊರಕದ ಹಾಗೆ. ಹೊರಗೆ ಸಣ್ಣ ತೂತು, ಒಳಗೆ ಪೊಳ್ಳು. ಮೊದಲು ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಮಂಕು ಬಿಳಿ ಕಲೆ ಕಾಣುತ್ತದೆ. ಆಗಲೇ ಎಚ್ಚೆತ್ತರೆ ಹಲ್ಲು ಸುಧಾರಿಸಬಹುದು. ಮುಂದೆ ಕಪ್ಪು ಕುಳಿ, ತಣ್ಣೀರು ತಾಗಿದರೆ ಜುಮ್ಮೆನ್ನುವುದು, ಕೊನೆಗೆ ರಾತ್ರಿಯ ನೋವು ಮತ್ತು ಬಾವು. ಆಗ ಮಗುವಿಗೆ ಊಟವೂ ಇಲ್ಲ, ಓದೂ ಇಲ್ಲ. ತಂದೆಗೆ ಕೂಲಿಯೂ ಇಲ್ಲ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದ ಊರುಗಳಲ್ಲಿ ಅನೇಕ ಹಲ್ಲುಗಳ ಮೇಲೆ ಕಂದು ಪಟ್ಟೆ ಬರುತ್ತದೆ. ಅದು ಬೇರೆ ತೊಂದರೆ. ಅಂತಹ ಊರಿನವರು ಪಂಚಾಯಿತಿಯ ಮೂಲಕ ನೀರನ್ನು ಪರೀಕ್ಷೆ ಮಾಡಿಸಬೇಕು.

ಮಾಡತಕ್ಕ ಕೆಲಸಗಳು:

೧. ಸಿಹಿ ತಿನ್ನಿಸುವುದಿದ್ದರೆ ಊಟದ ಜೊತೆಗೇ ಇರಲಿ, ನಡುನಡುವೆ ಬೇಡ.

೨. ಸಾಲೆಗೆ ಹೋಗುವ ಮಕ್ಕಳ ಚೀಲದಲ್ಲಿ ಹುರಿದ ಶೇಂಗಾ, ಪುಟಾಣಿ, ಪೇರಲ ಹಣ್ಣು ಇಡಿರಿ. ಜೋಳದ ರೊಟ್ಟಿಯನ್ನು ಅಗಿದು ತಿಂದರೆ ಜೊಲ್ಲು ಚೆನ್ನಾಗಿ ಊರುತ್ತದೆ. ಕುಡಿಯಲು ನೀರು, ಸಪ್ಪೆ ಮಜ್ಜಿಗೆ ಸಾಕು.

೩. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿರಿ. ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬೇಡಿರಿ. ಇಟ್ಟಿಗೆ ಪುಡಿ, ಸುಟ್ಟ ತಂಬಾಕಿನ ಪುಡಿ ಕೂಡದು.

೪. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ೧೮ ವರ್ಷದ ವರೆಗಿನ ಮಕ್ಕಳ ಹಲ್ಲಿನ ತಪಾಸಣೆಯೂ ಸೇರಿದೆ. ವೈದ್ಯರ ತಂಡ ಸಾಲೆಗೆ ಬಂದಾಗ ಮಕ್ಕಳನ್ನು ತಪ್ಪದೆ ಕಳುಹಿಸಿರಿ. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ.

೫. ಸಾಲೆಯ ಗೇಟಿನಿಂದ ೫೦ ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿಂಡಿ ಮಾರಕೂಡದೆಂದು ೨೦೨೦ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಸಾಲೆಯ ಸಮಿತಿಯ ಸಭೆಯಲ್ಲಿ ಈ ಮಾತನ್ನು ಎತ್ತಿರಿ.

ಹೊಲದಲ್ಲಿ ತೊಗರಿ ಹೂ ಬಿಟ್ಟಾಗ ನಾವು ದಿನವೂ ಹೋಗಿ ಗಿಡ ನೋಡುತ್ತೇವೆ. ಇಂದು ಸಂಜೆ ನಿಮ್ಮ ಮಗನನ್ನೋ ಮಗಳನ್ನೋ ಹತ್ತಿರ ಕೂಡಿಸಿಕೊಂಡು, ಬ್ಯಾಟರಿ ಹಿಡಿದು ಹಿಂದಿನ ದವಡೆ ಹಲ್ಲುಗಳನ್ನು ನೋಡಿರಿ. ಬಿಳಿ ಕಲೆಯೋ ಕಪ್ಪು ಚುಕ್ಕೆಯೋ ಕಂಡರೆ ನೋವು ಬರುವ ತನಕ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.