ದಾರಿಯಲ್ಲಿ ಕೆಡದ ಬುತ್ತಿ

ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಭಾಗದಿಂದಷ್ಟೇ ಅಲ್ಲ, ಮಹಾರಾಷ್ಟ್ರದಿಂದಲೂ ಎತ್ತಿನ ಬಂಡಿಗಳು ಬರುತ್ತವೆ. ಮೊದಲ ದಿನಕ್ಕೆ ಮೊಸರನ್ನದ ಬುತ್ತಿ ಸರಿ. ಮರುದಿನ ಅದು ಹುಳಿಯಾಗುತ್ತದೆ. ಮುಂದಿನ ದಾರಿಗೆ ಆಸರೆ ಹಾಲು, ಮೊಸರು, ತುಪ್ಪ ಯಾವುದೂ ಇಲ್ಲದ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ.

ಇವು ಕೆಡದಿರಲು ಕಾರಣ ಸರಳ. ಬೂಷ್ಟು ಬೆಳೆಯಲು ತೇವ ಬೇಕು. ಗರಿಗರಿಯಾಗಿ ಒಣಗಿಸಿದ ರೊಟ್ಟಿಯಲ್ಲೂ ಹುರಿದು ಕುಟ್ಟಿದ ಹಿಂಡಿಯಲ್ಲೂ ಅದು ತೀರ ಕಡಿಮೆ. ಹಸಿ ಕೊಬ್ಬರಿ ಬೆರೆಸಿದರೆ ಮಾತ್ರ ಹಿಂಡಿ ಬೇಗ ಹಳಸುತ್ತದೆ.

ಕಾರಿನಲ್ಲಿ ಹೊರಡುವವರು ಎಡವುವುದು ಕಟ್ಟುವಾಗ. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಹಬೆ ಒಳಗೇ ನೀರಾಗುತ್ತದೆ. ಪೂರ್ತಿ ಆರಿಸಿ, ಒಣ ಅರಿವೆಯಲ್ಲಿ ಕಟ್ಟಿದ ರೊಟ್ಟಿ ಹೋಗಿ ಬರುವವರೆಗೂ ಗರಿಯಾಗಿ ಇರುತ್ತದೆ.