ಹತ್ತು ವಾರ, ನಲವತ್ತೆರಡು ಕಿಲೋಮೀಟರ್

ದೀಪಾವಳಿಯ ಕಜ್ಜಾಯ ಇನ್ನೂ ಡಬ್ಬಿಯಲ್ಲಿರುವಾಗಲೇ ಬೆಂಗಳೂರಿನ ಹಲವರಿಗೆ ಒಂದು ಹಳೇ ಇಮೇಲ್ ನೆನಪಾಗುತ್ತದೆ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಮಳೆಗಾಲದ ಹುಮ್ಮಸ್ಸಿನಲ್ಲಿ ಹೆಸರು ಕೊಟ್ಟು ದುಡ್ಡು ಕಟ್ಟಿ ಆಗಿದೆ. ಕಾಲು ಮಾತ್ರ ಕಬ್ಬನ್ ಪಾರ್ಕಿನ ಆಚೆ ಹೆಚ್ಚು ಹೋಗಿಲ್ಲ. ಲೆಕ್ಕ ಹಾಕಿದರೆ ಹತ್ತು ವಾರ ಉಳಿದಿದೆ. ಮೊದಲ ಮ್ಯಾರಥಾನ್‌ಗೆ ತರಬೇತುದಾರರು ಸಾಮಾನ್ಯವಾಗಿ ಕೇಳುವುದು ಹದಿನಾರರಿಂದ ಇಪ್ಪತ್ತು ವಾರ.

ಹತ್ತರಲ್ಲಿ ಆಗುತ್ತದೆಯೇ? ಇವತ್ತು 10 ಕಿ.ಮೀ. ಓಡಿ, ನಾಳೆ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳಬೇಕಾಗಿಲ್ಲ ಎಂದಾದರೆ ಆಗುತ್ತದೆ. ಆ 10 ಕಿ.ಮೀ. ಇನ್ನೂ ಕೈಗೆಟುಕದವರು ಈ ವರ್ಷ ಹಾಫ್ ಮ್ಯಾರಥಾನ್ ನೋಡಿಕೊಳ್ಳಲಿ. ಅದೂ 21 ಕಿ.ಮೀ., ಸಣ್ಣ ದೂರವೇನಲ್ಲ. ವಯಸ್ಸು ನಲವತ್ತು ದಾಟಿದ್ದರೆ, ಬಿಪಿ, ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಬಂದಿದ್ದರೆ, ಶೂಸ್ ಕಟ್ಟುವ ಮೊದಲು ವೈದ್ಯರನ್ನು ಕಂಡು ಬರಬೇಕು.

ತರಬೇತಿಗೆ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಉಸಿರು ಮತ್ತು ಹೃದಯ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುಗಳನ್ನು ಎಲುಬಿಗೆ ಬಿಗಿದಿರುವ ರಜ್ಜುಗಳಿಗೆ, ಎಲುಬಿಗೆ ತಿಂಗಳುಗಳೇ ಬೇಕು. ಅದಕ್ಕೇ ನಾಲ್ಕನೇ, ಐದನೇ ವಾರ ಎಲ್ಲಕ್ಕಿಂತ ಅಪಾಯದ್ದು. ಏದುಸಿರು ನಿಂತಿರುತ್ತದೆ, ಇನ್ನೂ ಜೋರಾಗಿ ಓಡೋಣ ಅನ್ನಿಸುತ್ತದೆ. ಆಗಲೇ ಮೊಣಕಾಲ ಕೆಳಗಿನ ಮುಂದಿನ ಎಲುಬಿನ ಉದ್ದಕ್ಕೂ ನೋವು ಶುರುವಾಗುವುದು. ಹತ್ತು ವಾರದಲ್ಲಿ ವೇಗ ಸಂಪಾದಿಸುವ ಆಸೆಯನ್ನು ಪೂರ್ತಿ ಬಿಟ್ಟುಬಿಡಿ. ಬೆಟ್ಟ ಹತ್ತಿ ಓಡುವುದು, ಟ್ರ್ಯಾಕ್‌ನಲ್ಲಿ 400 ಮೀಟರ್ ಚಚ್ಚುವುದು ಇವೆಲ್ಲ ಮುಂದಿನ ವರ್ಷಕ್ಕೆ. ಈಗ ಕೈಯಲ್ಲಿರುವುದು ಮೂರೇ: ನಿಧಾನವಾಗಿ ಹೋಗುವುದು, ನಡುನಡುವೆ ನಡೆಯುವುದು, ಓಡುತ್ತಲೇ ತಿನ್ನುವುದು.

ವಾರದಲ್ಲಿ ಮಂಗಳವಾರ, ಗುರುವಾರ 6ರಿಂದ 8 ಕಿ.ಮೀ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುತ್ತ ಓಡುವಷ್ಟು ನಿಧಾನ ಸಾಕು. ಭಾನುವಾರ ಉದ್ದದ ಓಟ. ಅದು ವಾರ ವಾರಕ್ಕೆ ಹೀಗೆ ಬೆಳೆಯಲಿ: 12, 15, 18, ಆಮೇಲೆ ಇಳಿಸಿ 13, ಮತ್ತೆ 21, 24, ಇಳಿಸಿ 16, ಎಂಟನೇ ವಾರ 28. ಅಲ್ಲಿಗೆ ಏರು ಮುಗಿಯಿತು. ಒಂಬತ್ತನೇ ಭಾನುವಾರ 16, ಹತ್ತನೆಯದೇ ಮ್ಯಾರಥಾನ್. 42 ಕಿ.ಮೀ. ಓಡಲು 28 ಹೇಗೆ ಸಾಕು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಉದ್ದ ಓಡಿದರೆ ಇಷ್ಟು ಕಡಿಮೆ ಅವಧಿಯಲ್ಲಿ ಆ ದಣಿವು ಆರುವುದೇ ಇಲ್ಲ, ಸೋತ ಕಾಲಲ್ಲೇ ಮುಂಬೈಗೆ ಹೋಗಬೇಕಾಗುತ್ತದೆ. ಜ್ವರವೋ ಮದುವೆಯೋ ಬಂದು ಒಂದು ಭಾನುವಾರ ತಪ್ಪಿದರೆ ತಪ್ಪಿತು. ಮುಂದಿನ ವಾರ ಅದನ್ನೂ ಸೇರಿಸಿ ಓಡಲು ಹೋಗಬೇಡಿ.

ಓಟವಿಲ್ಲದ ಎರಡು ದಿನ ಒಂದು ಸಣ್ಣ ಕೆಲಸವಿದೆ. ಮನೆಯ ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಹಿಮ್ಮಡಿ ಗಾಳಿಯಲ್ಲಿ ಬಿಟ್ಟು ನಿಲ್ಲಿ. ಎರಡೂ ಕಾಲಲ್ಲಿ ಮೇಲೇಳಿ, ಒಂದು ಕಾಲನ್ನು ಎತ್ತಿಕೊಂಡು ಇನ್ನೊಂದರ ಮೇಲೆ ಭಾರ ಹಾಕಿ, ಮೂರು ಎಣಿಸುತ್ತ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. ಕಾಲಿಗೆ ಹದಿನೈದು ಸಲ. ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ರಜ್ಜು ಗಟ್ಟಿಯಾಗಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಇನ್ನು ನಡಿಗೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ, ಓಟದ ನಡುವೆ ನಡಿಗೆ ಸೇರಿಸುವ ಕ್ರಮವನ್ನು ಸಾಮಾನ್ಯ ಓಟಗಾರರಲ್ಲಿ ಜನಪ್ರಿಯಗೊಳಿಸಿದರು. ನಾಲ್ಕು ನಿಮಿಷ ಓಟ, ಒಂದು ನಿಮಿಷ ಚುರುಕು ನಡಿಗೆ. ಓಡುವಾಗ ಕಿಲೋಮೀಟರಿಗೆ 7 ನಿಮಿಷ 20 ಸೆಕೆಂಡ್, ನಡೆಯುವಾಗ 11 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ ಸುಮಾರು 7 ನಿಮಿಷ 50 ಸೆಕೆಂಡ್ ಬೀಳುತ್ತದೆ, 42.195 ಕಿ.ಮೀ.ಗೆ ಐದೂವರೆ ಗಂಟೆ. ನಡೆದದ್ದರಿಂದ ಕಳೆದದ್ದು ಕಿಲೋಮೀಟರಿಗೆ ಅರ್ಧ ನಿಮಿಷ, ಅಷ್ಟೇ. ಆದರೆ ನಡಿಗೆ ಮೊದಲ ಐದನೇ ನಿಮಿಷದಿಂದಲೇ ಇರಬೇಕು. ಸುಸ್ತಾದ ಮೇಲೆ ನಡೆಯುವುದು ಬೇರೆ, ಸುಸ್ತಾಗದಿರಲೆಂದು ನಡೆಯುವುದು ಬೇರೆ. ಆರಂಭದಲ್ಲಿ ಸಾವಿರಾರು ಜನ ನುಗ್ಗುತ್ತಿರುವಾಗ ಪಕ್ಕಕ್ಕೆ ಸರಿದು ನಡೆಯಲು ನಾಚಿಕೆಯಾಗುತ್ತದೆ. ಆದರೂ ನಡೆಯಿರಿ. ಸಂಘಟಕರು ಕೊಟ್ಟಿರುವ ಗಡುವಿನೊಳಗೆ ನಿಮ್ಮ ಲೆಕ್ಕ ಕೂರುತ್ತದೆಯೇ ಎಂದು ಮೊದಲೇ ನೋಡಿಕೊಂಡಿದ್ದರೆ ಆಯಿತು.

ಊಟದ ಲೆಕ್ಕಕ್ಕೆ ಬರೋಣ. ಬಹಳ ಜನ ಸೋಲುವುದು ಇಲ್ಲೇ. ಒಂದು ಕಿಲೋ ತೂಕವನ್ನು ಒಂದು ಕಿಲೋಮೀಟರ್ ಒಯ್ಯಲು ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. 65 ಕಿಲೋ ಇರುವವರಿಗೆ ಮ್ಯಾರಥಾನ್ ಎಂದರೆ 2,700 ಕ್ಯಾಲೊರಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ಆಗಿ ಕೂಡಿಟ್ಟ ಸಕ್ಕರೆ ಸುಮಾರು 2,000 ಕ್ಯಾಲೊರಿಯಷ್ಟು. ಮಿಕ್ಕದ್ದನ್ನು ಕೊಬ್ಬು ಕೊಡಬೇಕು. ಕೊಬ್ಬು ಹಸಿ ಸೌದೆಯ ಹಾಗೆ: ಉರಿಯುತ್ತದೆ, ಆದರೆ ಅವಸರಕ್ಕೆ ಒದಗುವುದಿಲ್ಲ. ಜೋರಾಗಿ ಓಡಿದಷ್ಟೂ ಸಕ್ಕರೆ ಬೇಗ ಖಾಲಿ, ನಿಧಾನಿಸಿದಷ್ಟೂ ಕೊಬ್ಬಿನ ಪಾಲು ಹೆಚ್ಚು. 30 ಕಿ.ಮೀ. ಸುತ್ತಮುತ್ತ ಸಕ್ಕರೆ ಮುಗಿದಾಗ ಕಾಲು ಸೀಸದಂತಾಗುವುದು, ತಲೆ ಮಂಕಾಗುವುದು, ಇದನ್ನೇ ಓಟಗಾರರು ‘ವಾಲ್’ ಎನ್ನುವುದು.

ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯ ಅಂಶ ಹೊಟ್ಟೆಗೆ ಹೋಗಬೇಕು, ಅದೂ ಹಸಿವಾಗುವ ಮೊದಲೇ, ಮೊದಲ ಮುಕ್ಕಾಲು ಗಂಟೆಯಿಂದ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ. ಹೆಬ್ಬೆರಳ ತುದಿಯಷ್ಟು ಬೆಲ್ಲ, ಬೀಜ ತೆಗೆದ ಖರ್ಜೂರ, ಅಂಗಡಿಯ ಜೆಲ್ ಯಾವುದಾದರೂ ಆದೀತು. ಕಡಲೆ ಮಿಠಾಯಿ ರುಚಿ ನಿಜ, ಆದರೆ ಶೇಂಗಾದ ಎಣ್ಣೆ ಓಡುವ ಹೊಟ್ಟೆಗೆ ಭಾರ. ಓಆರ್‌ಎಸ್ ಕುಡಿದರೆ ಶಕ್ತಿ ಬಂತು ಎಂದು ನಂಬುವವರೂ ಇದ್ದಾರೆ; ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಒಂದು ಲೀಟರಿನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್. ಅದು ಉಪ್ಪು-ನೀರಿನ ಕೆಲಸಕ್ಕೆ, ಹೊಟ್ಟೆಗಲ್ಲ. ಏನೇ ತಿನ್ನುವುದಿದ್ದರೂ ಭಾನುವಾರದ ಓಟಗಳಲ್ಲಿ ತಿಂದು ಅಭ್ಯಾಸವಿರಬೇಕು.

ನೀರಿನ ವಿಷಯದಲ್ಲಿ ಹೆದರಿಕೆ ಎರಡೂ ಕಡೆಯಿಂದ ಇದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಓಟದ ಮೊದಲಿಗಿಂತ ಕೊನೆಗೆ ತೂಕ ಹೆಚ್ಚಿದವರಲ್ಲೇ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲೇ ಇದು ಜಾಸ್ತಿ. ದಾರಿಯ ಪ್ರತಿ ನೀರಿನ ಮೇಜಿನ ಬಳಿಯೂ ಬಾಟಲಿ ಖಾಲಿ ಮಾಡಬೇಡಿ. ಬಾಯಾರಿದಾಗ ಎರಡು ಮೂರು ಗುಟುಕು, ಆಗಾಗ ಉಪ್ಪಿನಂಶವಿರುವ ಪಾನೀಯ. ಮಂಡಿ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿ ಓಡುವುದೂ ಕೆಟ್ಟದ್ದು. ಬೆವರಿ ಬತ್ತಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು.

ಬೆಂಗಳೂರಿನವರಿಗೆ ಮುಂಬೈಯಲ್ಲಿ ಇನ್ನೊಂದು ಪೇಚು. ಇಲ್ಲಿ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಒಣ ಚಳಿಯಲ್ಲಿ ಅಭ್ಯಾಸ, ಅಲ್ಲಿ ಕಡಲ ತೇವ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಸುಕಿನಲ್ಲಿ ಹೊರಟರೂ ಐದೂವರೆ ಗಂಟೆಯ ಓಟಗಾರರು ಕೊನೆಯ ಭಾಗ ಓಡುವುದು ಬಿಸಿಲಲ್ಲಿ. ಡಿಸೆಂಬರಿನಲ್ಲಿ ನಾಲ್ಕಾರು ಸಲವಾದರೂ ಬೇಕೆಂದೇ ಬೆಳಿಗ್ಗೆ ಒಂಬತ್ತು ಗಂಟೆಯ ನಂತರ ಓಡಿ. ಅಲ್ಲಿನ ರಸ್ತೆ ಬಹುಪಾಲು ಸಮತಟ್ಟು, ಆದರೆ ವಾಪಸ್ ಬರುವಾಗ, 30 ದಾಟಿ ಕಾಲು ಸೋತಿರುವಾಗ, ಪೆಡ್ಡರ್ ರೋಡಿನ ಏರು ಎದುರಾಗುತ್ತದೆ. ಅದನ್ನು ಓಡಿ ಹತ್ತುವ ಛಲ ಬೇಡ. ಇಡೀ ಏರನ್ನು ನಡೆದೇ ಹತ್ತಿ.

ಕೊನೆಯ ಎರಡು ವಾರ ಓಟ ಅರ್ಧಕ್ಕಿಳಿಯಲಿ. ಆಗ ಮೈಯೆಲ್ಲ ಜಡ ಅನ್ನಿಸುತ್ತದೆ, ಇಲ್ಲದ ನೋವು ಕಾಣಿಸಿಕೊಳ್ಳುತ್ತದೆ. ಬಹುತೇಕ ಮನಸ್ಸಿನ ಆಟ. ಕೊನೆಯ ಎರಡು ದಿನ ಅನ್ನ-ಸಾರು, ಮೊಸರನ್ನ, ಇಡ್ಲಿ ಧಾರಾಳವಾಗಿ ಇರಲಿ. ಹೆಸರುಕಾಳು ಉಸಲಿ, ಸೊಪ್ಪಿನ ಪಲ್ಯ, ಮುದ್ದೆಯನ್ನು ಹಿಂದಿನ ದಿನದ ಮಟ್ಟಿಗೆ ದೂರವಿಡಿ, ಇಲ್ಲದಿದ್ದರೆ ದಾರಿಯಲ್ಲಿ ಶೌಚಾಲಯದ ಸರದಿಯಲ್ಲಿ ನಿಲ್ಲಬೇಕಾದೀತು. ಬೆಳಗಿನ ಜಾವ ಮೂರಕ್ಕೆ ಯಾವ ಹೋಟೆಲಿನಲ್ಲೂ ತಿಂಡಿ ಸಿಗುವುದಿಲ್ಲ, ಬ್ರೆಡ್ಡು-ಜಾಮು, ಬಾಳೆಹಣ್ಣು ರಾತ್ರಿಯೇ ತಂದಿಟ್ಟುಕೊಳ್ಳಿ. ಹೊಸ ಶೂಸ್, ಹೊಸ ಸಾಕ್ಸ್, ಕಿಟ್ ಜೊತೆ ಬಂದ ಹೊಸ ಟೀ ಶರ್ಟ್ ಅಂದು ಯಾವುದೂ ಬೇಡ. ಕಂಕುಳು, ತೊಡೆಸಂದು, ಎದೆಗೆ ವ್ಯಾಸಲೀನ್. ಕಾಲಿನ ಉಗುರನ್ನು ಎರಡು ಮೂರು ದಿನ ಮೊದಲೇ ಕತ್ತರಿಸಿಕೊಂಡಿರಿ.

ಓಟದ ನಡುವೆ ಎದೆ ಬಿಗಿದರೆ, ತಲೆ ಸುತ್ತಿದರೆ, ಬಿಸಿಲಲ್ಲೂ ಮೈ ನಡುಗಿದರೆ ಅಲ್ಲೇ ನಿಂತು ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ. ಮುಗಿಸಿದಿರಾದರೆ ತಕ್ಷಣ ಕೂರಬೇಡಿ. ಹತ್ತು ಹದಿನೈದು ನಿಮಿಷ ನಡೆಯುತ್ತಲೇ ಇರಿ, ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ. ತೊಡೆಯ ನೋವು ಅಂದಿಗಿಂತ ಮರುದಿನ, ಮೂರನೆಯ ದಿನ ಹೆಚ್ಚು. ಒಂದು ವಾರ ಓಟದ ಮಾತೇ ಬೇಡ. ರಾತ್ರಿ ರೈಲಿನಲ್ಲಿ ವಾಪಸ್ಸಾಗುವವರು ಟಿಕೆಟ್ ಬುಕ್ ಮಾಡುವಾಗಲೇ ಲೋವರ್ ಬರ್ತ್ ಕೇಳಿಕೊಳ್ಳಿ. ಅಪ್ಪರ್ ಬರ್ತ್ ಹತ್ತುವುದು ಹೇಗೋ ಆದೀತು, ಬೆಳಿಗ್ಗೆ ಇಳಿಯುವುದು ಆಗದು.