ಕಲೆಯೂ ಕೈಗೆಲಸವೂ: ಕಸೂತಿಯ ನಿದರ್ಶನ

ಕಲೆಗೆ ಲಕ್ಷಣವನ್ನು ಹೇಳಬಹುದೇ ಎಂಬ ಪ್ರಶ್ನೆಯು ನಮ್ಮಲ್ಲಿ ಆ ಪದದಿಂದಲೇ ತೊಡಕಾಗುತ್ತದೆ. ವಾತ್ಸ್ಯಾಯನನು ‘ಕಾಮಸೂತ್ರ’ದಲ್ಲಿ ಎಣಿಸಿರುವ 64 ಕಲೆಗಳಲ್ಲಿ ಗೀತ, ನೃತ್ಯ, ಆಲೇಖ್ಯಗಳೊಡನೆ ಸೂಜಿಯ ಕೆಲಸವೂ ಬಡಗಿತನವೂ ಸೇರಿವೆ. ಆಂಗ್ಲ ತತ್ತ್ವಜ್ಞನಾದ ಕಾಲಿಂಗ್‌ವುಡ್ಡನಾದರೋ 1938ರಲ್ಲಿ ಇವನ್ನು ಬೇರ್ಪಡಿಸಿದನು: ಸಾಧಿಸಬೇಕಾದುದು ಮೊದಲೇ ನಿಶ್ಚಿತವಾಗಿದ್ದರೆ ಕೈಗೆಲಸ; ಮಾಡುತ್ತ ಮಾಡುತ್ತ ಭಾವವು ತನ್ನ ರೂಪವನ್ನು ಕಂಡುಕೊಂಡರೆ ಕಲೆ. ಒಂದೇ ಕೃತಿಯಲ್ಲಿ ಎರಡೂ ಕೂಡಬಹುದೆಂದು ಅವನು ಒಪ್ಪುತ್ತಾನೆ.

ಹೇಗೆ ಕೂಡುತ್ತವೆಂಬುದನ್ನು ಧಾರವಾಡದ ಕಸೂತಿಯು ತೋರಿಸುತ್ತದೆ. ಸಂಪ್ರದಾಯದಂತೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯಬೇಕು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡು ಮೈಗಳೂ ಒಂದೇ ಸಮನಾಗಿ ಕಾಣಬೇಕು. ಇದು ಕಲಿಸಬಹುದಾದ ನಿಯಮ. ತಪ್ಪಿದರೆ ತೋರಿಸಿ ತಿದ್ದಬಹುದು. ಗೋಪುರ, ತೇರು, ಆನೆಗಳೂ ಪರಂಪರೆಯಿಂದ ಬಂದ ರೂಪಗಳೇ. ಆದರೆ ಇಳಕಲ್ ಸೀರೆಯ ಸೆರಗಿನಲ್ಲಿ ಯಾವುದರ ಪಕ್ಕದಲ್ಲಿ ಯಾವುದು, ಎಲ್ಲಿ ಬಯಲು, ಯಾವ ಬಣ್ಣ ಎಂಬುದನ್ನು ಎಣಿಕೆಯು ಹೇಳಲಾರದು. ಹೊಲಿಯುವವಳ ಕಣ್ಣೇ ನಿರ್ಣಯಿಸಬೇಕು.

ಆದುದರಿಂದ ವಸ್ತುಗಳ ಪಟ್ಟಿಯಿಂದ ಕಲೆಯ ಲಕ್ಷಣವು ಸಿದ್ಧಿಸದು. ಅದನ್ನು ಈ ನಿರ್ಣಯದಲ್ಲಿ ಅರಸಬೇಕು. ಮಾರಾಟಕ್ಕಾಗಿ ಆ ನಿರ್ಣಯವನ್ನೂ ಬೇರೊಬ್ಬರು ಮೊದಲೇ ಮಾಡಿಕೊಟ್ಟರೆ ಹೊಲಿಗೆಯು ಕೆಡದು. ಕಲೆಯು ಮಾತ್ರ ಆ ಕೈಯನ್ನು ಬಿಟ್ಟು ಹೋಗುವುದು.